ಮೋಟಾರ್ ಪ್ಲೇಟಿನ ಮೇಲಿನ 1440: ಒಂದು ಸಂಖ್ಯೆಯ ಹಿಂದಿನ ಕಥೆ

ಇವತ್ತಿನ ಎಪಿಸೋಡ್ ಒಂದು ಗ್ರೈಂಡರ್ ಬಗ್ಗೆ. ದೋಸೆ ಹಿಟ್ಟಿನ ಗ್ರೈಂಡರ್ ಅಲ್ಲ, ಬೆಲ್ಟ್ ಗ್ರೈಂಡರ್. ಎಮರಿ ಪೇಪರ್ ಥರದ ಉದ್ದನೆಯ ಪಟ್ಟಿಯೊಂದು ಚಕ್ರಗಳ ಮೇಲೆ ಸುತ್ತುತ್ತಿರುತ್ತೆ. ಅದಕ್ಕೆ ಕಬ್ಬಿಣ ಒತ್ತಿದರೆ ಕಿಡಿ ಹಾರಿಸುತ್ತಾ ಸವೆಯುತ್ತೆ. ಚಾಕು, ಮಚ್ಚು ಮಾಡುವ ಹವ್ಯಾಸ ಇರುವವರು ಇದನ್ನ ಮನೆಯಲ್ಲೇ ಕಟ್ಟಿಕೊಳ್ತಾರೆ. ಫ್ರೇಮ್ ಮಾಡಿಸೋಕೆ ವೆಲ್ಡಿಂಗ್ ಶಾಪ್ ಸಾಕು. ಸಿಕ್ಕಿಹಾಕಿಕೊಳ್ಳೋದು ಮೋಟಾರ್ ಹತ್ರ ಬಂದಾಗ. ಸಿಂಗಲ್ ಫೇಸಾ, ತ್ರೀ ಫೇಸಾ? 1440ಆ, 2880ಆ? ಇವು ಎಂಜಿನಿಯರಿಂಗ್ ಪ್ರಶ್ನೆಗಳು ಹೌದು, ಆದರೆ ನನ್ನ ಪ್ರಕಾರ ಇವುಗಳ ಉತ್ತರ ಇರೋದು ಇತಿಹಾಸದಲ್ಲಿ.

ಮೊದಲು ಮೋಟಾರ್ ಇಲ್ಲದ ಕಾಲಕ್ಕೆ ಹೋಗೋಣ. ನಮ್ಮ ಬೀದಿಗಳಲ್ಲಿ ಸೈಕಲ್ ಪೆಡಲ್ ತುಳಿದು ಸಾಣೆ ಹಿಡಿಯುವವರನ್ನ ನೀವು ನೋಡಿರಬಹುದು. ಅಲ್ಲಿ ಕಲ್ಲಿನ ವೇಗ ಅವರ ಕಾಲಿನಲ್ಲೇ ಇರುತ್ತೆ. ಬೇಕಾದಾಗ ಜೋರು, ಬೇಡವಾದಾಗ ನಿಧಾನ. ಇಂಗ್ಲೆಂಡಿನಲ್ಲಿ ಚಾಕು-ಕತ್ತರಿಗೆ ಹೆಸರಾದ ಶೆಫೀಲ್ಡ್ ಊರಲ್ಲಿ ಸಾಣೆಕಲ್ಲುಗಳನ್ನ ತಿರುಗಿಸುತ್ತಿದ್ದದ್ದು ಹೊಳೆಯ ನೀರು. ಆಮೇಲೆ ಹಬೆ ಎಂಜಿನ್ ಬಂತು. ಒಂದೇ ಎಂಜಿನ್, ಮೇಲೆ ಉದ್ದನೆಯ ಶಾಫ್ಟ್, ಅದರಿಂದ ಇಳಿಬಿಟ್ಟ ಚರ್ಮದ ಬೆಲ್ಟುಗಳು, ಸಾಲಾಗಿ ಕಲ್ಲುಗಳು. ಎಂಜಿನ್ ನಿಂತರೆ ಎಲ್ಲರ ಕೆಲಸವೂ ನಿಂತ ಹಾಗೆ. ನಡೆಯುತ್ತಿದ್ದರೆ ಮುಚ್ಚಿದ ಕೋಣೆಯ ತುಂಬಾ ದೂಳು. 19ನೇ ಶತಮಾನದಲ್ಲಿ ಅಲ್ಲಿ ನೀರು ಹಾಕದೆ ಒಣಗಲ್ಲಿಗೆ ಫೋರ್ಕ್ ಉಜ್ಜುತ್ತಿದ್ದವರಲ್ಲಿ ಎಷ್ಟೋ ಜನ ಮೂವತ್ತರ ಆಸುಪಾಸಿನಲ್ಲೇ ಶ್ವಾಸಕೋಶದ ರೋಗದಿಂದ ಸಾಯುತ್ತಿದ್ದರು. ಈ ಮಾತನ್ನ ನೆನಪಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರ್ ಅನ್ನೋದು ಸಲೀಸಾಗಿದ್ದು ಇಂಡಕ್ಷನ್ ಮೋಟಾರ್ ಬಂದ ಮೇಲೆ. 1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ತಮ್ಮ ಸಂಶೋಧನೆ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ಅವರಿಗೆ ಪೇಟೆಂಟ್ ಸಿಕ್ಕಿತು. ಮರುವರ್ಷ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿ ತ್ರೀ ಫೇಸ್ ಮೋಟಾರ್ ಮಾಡಿದರು. ಇವತ್ತಿಗೂ ಕಾರ್ಖಾನೆಗಳಲ್ಲಿ ತಿರುಗ್ತಾ ಇರೋದು ಹೆಚ್ಚುಕಮ್ಮಿ ಅದೇ ವಿನ್ಯಾಸ.

ತ್ರೀ ಫೇಸ್ ಅಂದ್ರೆ ಏನು? ಬೀಸುವ ಕಲ್ಲಿನ ಸುತ್ತ ಮೂರು ಜನ ಕೂತು, ಒಬ್ಬರಾದ ಮೇಲೆ ಒಬ್ಬರು ಗೂಟ ತಳ್ಳುತ್ತಿದ್ದಾರೆ ಅಂದುಕೊಳ್ಳಿ. ಕಲ್ಲು ಸರಾಗವಾಗಿ ಸುತ್ತುತ್ತೆ. ಸಿಂಗಲ್ ಫೇಸ್‌ನಲ್ಲಿ ಒಬ್ಬರೇ ಹಿಂದಕ್ಕೆ ಮುಂದಕ್ಕೆ ಆಡಿಸಿದ ಹಾಗೆ. ಯಾವ ಕಡೆ ತಿರುಗಬೇಕು ಅಂತ ಕಲ್ಲಿಗೆ ಗೊತ್ತಾಗಲ್ಲ. ಅದಕ್ಕೇ ಸಿಂಗಲ್ ಫೇಸ್ ಮೋಟಾರ್ ಬೆನ್ನ ಮೇಲೆ ಡಬ್ಬಿ ಥರದ ಕೆಪಾಸಿಟರ್ ಇರೋದು. ಮೊದಲ ತಳ್ಳು ಕೊಡೋದು ಅದರ ಕೆಲಸ.

ಈಗ ನಮ್ಮೂರಿಗೆ ಬರೋಣ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಅದು ತ್ರೀ ಫೇಸೇ, ಆದರೆ 25 ಹರ್ಟ್ಜ್. ಇವತ್ತು ನಮ್ಮದು 50. ಇದರಿಂದ ಏನು ವ್ಯತ್ಯಾಸ ಅಂತೀರಾ? ಇಂಡಕ್ಷನ್ ಮೋಟಾರಿನ ವೇಗ ಹೇಳೋದು ಈ ಹರ್ಟ್ಜೇ. 120ನ್ನ ಹರ್ಟ್ಜ್‌ನಿಂದ ಗುಣಿಸಿ, ಮೋಟಾರಿನ ಪೋಲ್‌ಗಳಿಂದ ಭಾಗಿಸಿ. ನಾಲ್ಕು ಪೋಲ್ ಮೋಟಾರ್‌ಗೆ 1500 ಬರುತ್ತೆ. ಲೋಡ್ ಬಿದ್ದಾಗ ಸ್ವಲ್ಪ ಹಿಂದೆ ಬಿದ್ದು ಸುಮಾರು 1440. ಎರಡು ಪೋಲ್ ಆದರೆ ಸುಮಾರು 2880. ಅವತ್ತಿನ 25 ಹರ್ಟ್ಜ್‌ನಲ್ಲಿ ಇದೇ ನಾಲ್ಕು ಪೋಲ್ ಮೋಟಾರ್ 750 ದಾಟುತ್ತಿರಲಿಲ್ಲ.

ಅಮೆರಿಕದಲ್ಲಿ 60 ಹರ್ಟ್ಜ್. ಅಲ್ಲಿನ ಯೂಟ್ಯೂಬ್ ವಿಡಿಯೋಗಳಲ್ಲಿ 1725, 3450 ಅಂತ ಹೇಳೋದು ಅದಕ್ಕೇ. ಅವರ ಚಕ್ರದ ಅಳತೆಯನ್ನ ಹಾಗೇ ಕಾಪಿ ಮಾಡಿದರೆ ನಿಮ್ಮ ಬೆಲ್ಟ್ ಆರರಲ್ಲಿ ಒಂದು ಪಾಲು ನಿಧಾನ ಓಡುತ್ತೆ. ಲೆಕ್ಕ ನೀವೇ ಮಾಡಿ. 100 ಮಿಲಿಮೀಟರ್ ಡ್ರೈವ್ ಚಕ್ರಕ್ಕೆ 1440 ಮೋಟಾರ್ ಹಾಕಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 7.5 ಮೀಟರ್ ಓಡುತ್ತೆ. ಸಾಣೆ ಹಿಡಿಯೋಕೆ, ಮರದ ಹಿಡಿ ತಿದ್ದೋಕೆ ಇದು ಸಾಕು. 2880 ಆದರೆ 15 ಮೀಟರ್. ಅದೇ 2880ಕ್ಕೆ 150 ಮಿಲಿಮೀಟರ್ ಚಕ್ರ ಹಾಕಿದರೆ 22 ದಾಟುತ್ತೆ. ಉಕ್ಕು ಬೇಗ ಕಡಿಯುತ್ತೆ, ಆದರೆ ತೆಳು ಅಂಚು ಬಿಸಿಯಾಗಿ ಹದ ಕಳೆದುಕೊಳ್ಳೋದೂ ಅಷ್ಟೇ ಬೇಗ.

ಹಾಗಾದ್ರೆ ಯಾವುದು ತಗೊಳ್ಳೋದು? ಬಜೆಟ್ ಕಮ್ಮಿ ಇದ್ದು, ಒಂದೇ ವೇಗ ಸಾಕು ಅಂದ್ರೆ ಸಿಂಗಲ್ ಫೇಸ್ ಮೋಟಾರ್. ಎರಡಿಂಚಿನ ಬೆಲ್ಟಿಗೆ 1 ಎಚ್‌ಪಿ ನಡೆಯುತ್ತೆ, 1.5ರಿಂದ 2 ಎಚ್‌ಪಿ ಇದ್ದರೆ ಒತ್ತಿದಾಗ ಸೊರಗಲ್ಲ. ಫೋನ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ ಬೇಡ, 16 ಆಂಪಿಯರ್ ಪಾಯಿಂಟ್ ಮಾಡಿಸಿ, ಅರ್ಥಿಂಗ್ ಸರಿಯಿರಲಿ. ನನ್ನ ಓಟು ಮಾತ್ರ ತ್ರೀ ಫೇಸ್ ಮೋಟಾರ್ ಜೊತೆಗೆ ವಿಎಫ್‌ಡಿಗೆ. ಇದು ಮನೆಯ ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ಡ್ರೈವ್. ಹರ್ಟ್ಜನ್ನೇ ಬದಲಿಸುತ್ತೆ. ಒಂದು ಗುಂಡಿ ತಿರುಗಿಸಿದರೆ ಶಿವನಸಮುದ್ರದ 25, ಇನ್ನಷ್ಟು ತಿರುಗಿಸಿದರೆ ಅಮೆರಿಕದ 60. ಸಾಣೆಯವರ ಕಾಲಲ್ಲಿದ್ದ ಹಿಡಿತ ನಿಮ್ಮ ಕೈಗೆ ವಾಪಸ್ ಬಂದ ಹಾಗೆ. ಆದರೆ ಇಂಥ ಡ್ರೈವ್ ಕೊಡೋದು 230 ವೋಲ್ಟ್. ಹಾಗಾಗಿ ಮೋಟಾರ್ ಪ್ಲೇಟಿನ ಮೇಲೆ 230/415 ಅಂತ ಎರಡೂ ಇರಬೇಕು, ಡೆಲ್ಟಾ ಕನೆಕ್ಷನ್ ಕೊಡಬೇಕು. ಈ ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಹಳೇ ಮಿಕ್ಸಿ ಮೋಟಾರ್ ನಡೆಯುತ್ತಾ? ಬೇಡ. ಅದು ಬ್ರಷ್ ಇರುವ ಮೋಟಾರ್, ಒಳಗೇ ಕಿಡಿ ಹಾರುತ್ತೆ. ಕೆಲವೇ ನಿಮಿಷ ಓಡೋಕೆ ಮಾಡಿದ್ದು, ಜೊತೆಗೆ ಗಾಳಿಯನ್ನ ಒಳಗೆ ಎಳೆದುಕೊಳ್ಳುತ್ತೆ. ಗಾಳಿ ಜೊತೆ ಕಬ್ಬಿಣದ ಪುಡಿಯೂ ಒಳಗೆ ಹೋಗುತ್ತೆ. ಪ್ಲೇಟಿನ ಮೇಲೆ ಟಿಇಎಫ್‌ಸಿ ಅಂತ ಇದೆಯಾ ನೋಡಿ. ಪೂರ್ತಿ ಮುಚ್ಚಿದ ಮೈ, ಹೊರಗಡೆ ಫ್ಯಾನ್ ಅಂತ ಅದರರ್ಥ.

ಮೋಟಾರನ್ನ ದೂಳಿನಿಂದ ಕಾಪಾಡೋಕೆ ಮುಚ್ಚಿದ ಮೈ ಇದೆ. ನಿಮ್ಮ ಶ್ವಾಸಕೋಶಕ್ಕೆ ಅಂಥದ್ದೊಂದು ಮೈ ಇಲ್ಲ. ಶೆಫೀಲ್ಡಿನ ಆ ಹುಡುಗರಿಗೆ ಆಯ್ಕೆ ಇರಲಿಲ್ಲ, ನಮಗಿದೆ. ಮೋಟಾರ್ ಬಜೆಟ್ ಹಾಕುವಾಗಲೇ ಒಳ್ಳೆ ರೆಸ್ಪಿರೇಟರ್ ಮತ್ತು ಕನ್ನಡಕದ ದುಡ್ಡನ್ನೂ ಸೇರಿಸಿಬಿಡಿ. ಮುಂದಿನ ವಾರ ಸಿಗೋಣ.