ರಕ್ತ ಹೀರದ ವ್ಯಾಂಪೈರ್

"ವ್ಯಾಂಪೈರಮ್ ಸ್ಪೆಕ್ಟ್ರಮ್". ಹೆಸರು ಕೇಳಿದರೇ ಕುತ್ತಿಗೆ ಮುಟ್ಟಿ ನೋಡಿಕೊಳ್ಳೋ ಹಾಗಿದೆ ಅಲ್ವಾ? ತಮಾಷೆ ಅಂದರೆ, ಈ ಹೆಸರಿನ ಬಾವಲಿ ರಕ್ತ ಹೀರಿ ಬದುಕುವ ಪ್ರಾಣಿಯೇ ಅಲ್ಲ!

ಇದು ಮೆಕ್ಸಿಕೋದ ದಕ್ಷಿಣದಿಂದ ಬ್ರೆಜಿಲ್‌ವರೆಗಿನ ಕಾಡುಗಳ ವಾಸಿ. ಮೂಗಿನ ಮೇಲೆ ಈಟಿಯ ಮೊನೆಯಂತೆ ನಿಂತ ಚರ್ಮದ ಎಲೆ, ದೊಡ್ಡ ಕಿವಿ, ರೆಕ್ಕೆ ಬಿಚ್ಚಿದರೆ 80 ಸೆಂಟಿಮೀಟರಿನ ಆಸುಪಾಸು. ಅಮೆರಿಕ ಖಂಡಗಳಲ್ಲೇ ಅತಿ ದೊಡ್ಡ ಬಾವಲಿ. (ನಮ್ಮ ಕೋಲಾರದ ಎಲೆಮೂಗಿನ ಬಾವಲಿ ಬೇರೆಯೇ ಕುಟುಂಬದ್ದು, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.)

ಅಮೆರಿಕಕ್ಕೆ ಹೋದ ಯುರೋಪಿಯನ್ನರು ರಾತ್ರಿ ರಕ್ತ ಕುಡಿಯುವ ಬಾವಲಿಗಳ ಕಥೆ ಹೊತ್ತು ತಂದಿದ್ದರು. ಕಥೆ ನಿಜವೇ. ಆದರೆ ಯಾವ ಬಾವಲಿ? ದೊಡ್ಡದು, ವಿಕಾರ ಮುಖದ್ದು ಯಾವುದೋ ಅದೇ ಇರಬೇಕು ಅಂದುಕೊಂಡರು. 1758ರಲ್ಲಿ ಲಿನೇಯಸ್ ಇದಕ್ಕೆ ಭೂತ ಎಂಬ ಅರ್ಥದ "ಸ್ಪೆಕ್ಟ್ರಮ್" ಹೆಸರಿಟ್ಟ. "ವ್ಯಾಂಪೈರಮ್" ಆಮೇಲೆ ಸೇರಿಕೊಂಡಿತು.

ನಿಜವಾದ ಕಳ್ಳ ಅಂಗೈಯಷ್ಟು ಮೈಯ ಡೆಸ್ಮೋಡಸ್. ಇದರ ಮೂಗಿನಲ್ಲಿ ಈಟಿ ಇಲ್ಲ, ಚಪ್ಪಟೆಯಾದ ಗಿಡ್ಡ ಮಡಿಕೆ ಅಷ್ಟೇ. ಹೆಬ್ಬೆರಳು ಉದ್ದ, ನೆಲದ ಮೇಲೆ ಓಡಬಲ್ಲದು. ಚಿಲಿಯ ಕೊಕಿಂಬೋ ಹತ್ತಿರ ಡಾರ್ವಿನ್ ಬೀಡುಬಿಟ್ಟಿದ್ದಾಗ ಅವನ ಆಳು, ಚಡಪಡಿಸುತ್ತಿದ್ದ ಕುದುರೆಯ ಬೆನ್ನಿಗೆ ಕೈಹಾಕಿ ಇದನ್ನು ಜೀವಂತ ಹಿಡಿದ. ಹಾಗೆ ಹಿಡಿದದ್ದನ್ನು ಕಣ್ಣಾರೆ ನೋಡಿದೆ ಅಂತ ಡಾರ್ವಿನ್ ಬರೆದುಕೊಂಡಿದ್ದಾನೆ. ಅಮೆಜಾನಿನಲ್ಲಿ ಹನ್ನೊಂದು ವರ್ಷ ಕಳೆದ ಹೆನ್ರಿ ಬೇಟ್ಸ್ 1863ರ ತನ್ನ ಪುಸ್ತಕದಲ್ಲಿ ದೊಡ್ಡ "ವ್ಯಾಂಪೈರ್" ನಿರುಪದ್ರವಿ ಅಂದ. ಹೊಟ್ಟೆ ಕೊಯ್ದು ನೋಡಿದರೆ ಹಣ್ಣಿನ ತಿರುಳು, ಬೀಜ ಸಿಕ್ಕಿತಂತೆ. ಅವನ ಮಾತು ಅರ್ಧ ಸರಿ.

ಇದೆಲ್ಲ ಪಂಡಿತರ ಜಗಳ ಅಂತ ಬಿಟ್ಟುಬಿಡಬಹುದಿತ್ತು... ಟ್ರಿನಿಡಾಡ್ ಇಲ್ಲದಿದ್ದರೆ. 1920ರ ದಶಕದ ಕೊನೆಯಲ್ಲಿ ಅಲ್ಲಿನ ಜನ ಲಕ್ವ ಹೊಡೆದು ಸಾಯತೊಡಗಿದರು. ವೈದ್ಯರು ಪೋಲಿಯೋ ಅಂದುಕೊಂಡರು. ಜೋಸೆಫ್ ಲೆನಾಕ್ಸ್ ಪವಾನ್ ಎಂಬ ಅಲ್ಲಿನದೇ ವಿಜ್ಞಾನಿ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ರೇಬಿಸ್, ಹರಡುತ್ತಿರುವುದು ರಕ್ತ ಹೀರುವ ಬಾವಲಿ ಅಂತ ತೋರಿಸಿಕೊಟ್ಟರು. ಎಷ್ಟು ಜೀವ ಉಳಿಸಿದ ಶೋಧ ಅದು! ಆದರೆ ಮುಂದೆ ಲ್ಯಾಟಿನ್ ಅಮೆರಿಕದ ಹಲವೆಡೆ ಗುಹೆಗಳಿಗೆ ಹೊಗೆ ಹಾಕಿದರು, ಡೈನಮೈಟ್ ಇಟ್ಟರು. ಅಲ್ಲಿದ್ದ ಹಣ್ಣುಬಾಕ, ಹುಳುಬಾಕ ಬಾವಲಿಗಳೂ ರಾಶಿರಾಶಿ ಸತ್ತವು. ಕಾಡಿನ ಬೀಜ ಬಿತ್ತುವ ಕೂಲಿಗಳು ಅವು.

1970ರ ದಶಕದಲ್ಲಿ ಬಂದ ಉಪಾಯ ಬೇರೆ: ಒಂದು ಡೆಸ್ಮೋಡಸ್ ಹಿಡಿದು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮುಲಾಮನ್ನು ಬೆನ್ನಿಗೆ ಹಚ್ಚಿ ಬಿಡುವುದು. ಗೂಡಿನಲ್ಲಿ ಒಂದನ್ನೊಂದು ನೆಕ್ಕಿ ಸಾಯುತ್ತವೆ. ಕ್ರೂರವೇ ಸರಿ. ಆದರೆ ಹಿಡಿದವನಿಗೆ ಈಟಿ ಮೂಗು ಯಾವುದು, ಚಪ್ಪಟೆ ಮೂಗು ಯಾವುದು ಅಂತ ಗೊತ್ತಿರಲೇಬೇಕು.

ಬೇಟ್ಸ್ ಅರ್ಧ ಸರಿ ಅಂದೆನಲ್ಲ, ಉಳಿದರ್ಧ ಕೋಸ್ಟಾರಿಕಾದಲ್ಲಿ ಸಿಕ್ಕಿತು. ಪೊಟರೆಯ ಕೆಳಗೆ ಬಿದ್ದ ಪುಕ್ಕಗಳನ್ನು ಆರಿಸಿ, ಈ ಬಾವಲಿ ಹಕ್ಕಿಬೇಟೆಗಾರ ಅಂತ 1977ರಲ್ಲಿ ಸಂಶೋಧಕರು ವಿವರವಾಗಿ ಬರೆದರು. ಗಿಳಿಗಳೂ ಬಲಿಯಾಗಿದ್ದವು. 2025ರಲ್ಲಿ ಅದೇ ದೇಶದ ಒಂದು ಪೊಟರೆಯೊಳಗಿನ ಕ್ಯಾಮೆರಾ ದೃಶ್ಯಗಳ ಅಧ್ಯಯನ ಪ್ರಕಟವಾಯಿತು. ಬೇಟೆ ತಂದು ಮನೆಯವರಿಗೆ ಕೊಡುವುದು, ಹೊರಗಿಂದ ಬಂದವರನ್ನು ರೆಕ್ಕೆಯಿಂದ ತಬ್ಬಿಕೊಳ್ಳುವುದು, ಒತ್ತೊತ್ತಾಗಿ ಜೋತುಬಿದ್ದು ನಿದ್ದೆ ಮಾಡುವುದು, ಎಲ್ಲ ಅದರಲ್ಲಿದೆ. ಆ ಕುಟುಂಬದ ಅಧಿಕೃತ ಹೆಸರು ಇಂದಿಗೂ ವ್ಯಾಂಪೈರಮ್ ಸ್ಪೆಕ್ಟ್ರಮ್ಮೇ.