ಕಡಲಂಚಿನ ಕೋಷರ್ ಹೋಟೆಲುಗಳು: ನೆನಪು ಮತ್ತು ಚರಿತ್ರೆ

ಪ್ರವಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೈಲು, ರಸ್ತೆ, ರಜೆ ಮತ್ತು ಹಣ ಎಂಬ ನಾಲ್ಕು ಸಂಗತಿಗಳಿಂದ ಆರಂಭಿಸುತ್ತಾರೆ. ಮನೆ ಬಿಟ್ಟು ಹೊರಟವನು ಎಲ್ಲಿ ತಂಗಬಹುದು, ಏನನ್ನು ಉಣ್ಣಬಹುದು ಎಂಬ ಪ್ರಶ್ನೆ ಈ ನಾಲ್ಕಕ್ಕಿಂತಲೂ ಹಳೆಯದು. ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನ ಯೆಹೂದಿಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೊಂದು ದೇಶದ ದಕ್ಷಿಣ ಕರಾವಳಿಯ ಬೋರ್ನ್‌ಮತ್ ಪಟ್ಟಣದಲ್ಲಿ, ಕಡಲಿಗೆ ಮುಖ ಮಾಡಿದ ಬಂಡೆಗಳ ಮೇಲೆ ನಿಂತಿತ್ತು. ಅಲ್ಲಿದ್ದ ಕೋಷರ್ ಹೋಟೆಲುಗಳು ಇಂದು ನೆನಪಾಗಿ ಮಾತ್ರ ಉಳಿದಿವೆ. ಆ ನೆನಪನ್ನು ಚರಿತ್ರೆಯ ಆಕರವಾಗಿ ಹೇಗೆ ಓದಬೇಕೆಂಬುದೇ ಈ ಲೇಖನದ ಜಿಜ್ಞಾಸೆ.

'ಕೋಷರ್' ಎಂಬ ಪದಕ್ಕೆ ಯೋಗ್ಯವಾದದ್ದು ಎಂಬ ಅರ್ಥವಿದೆ. ನಮ್ಮ 'ಮಡಿ'ಯೊಡನೆ ಅದನ್ನು ಹೋಲಿಸುವ ಮನಸ್ಸಾಗುವುದು ಸಹಜ. ಆದರೆ ಎರಡೂ ಒಂದೇ ಅಲ್ಲ. ಮಡಿಯಲ್ಲಿ ಅಡುಗೆ ಮಾಡುವವರ, ಬಡಿಸುವವರ ದೇಹಶುದ್ಧಿಯ ಕಲ್ಪನೆ ಮುಖ್ಯ. ಕೋಷರ್ ನಿಯಮವು ಪ್ರಧಾನವಾಗಿ ಪದಾರ್ಥವನ್ನೂ ಪಾತ್ರೆಯನ್ನೂ ವಿಧಾನವನ್ನೂ ಕುರಿತದ್ದು. ಯಾಜಕಕಾಂಡ ಮತ್ತು ಧರ್ಮೋಪದೇಶಕಾಂಡಗಳ ಪ್ರಕಾರ ಸೀಳುಗೊರಸುಳ್ಳ, ಮೆಲುಕು ಹಾಕುವ ಪ್ರಾಣಿ ಯೋಗ್ಯ, ಹಂದಿ ಅಯೋಗ್ಯ. ಈಜುರೆಕ್ಕೆಯೂ ಪೊರೆಯೂ ಇರುವ ಮೀನು ಯೋಗ್ಯ. ಸೀಗಡಿ, ಏಡಿಗಳು ಅಯೋಗ್ಯ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ವಾಕ್ಯ ತೋರಾದಲ್ಲಿ ಮೂರು ಬಾರಿ ಬರುತ್ತದೆ. ಅದರಿಂದಲೇ ಮಾಂಸ ಮತ್ತು ಹಾಲುಗಳನ್ನು ಸಂಪೂರ್ಣವಾಗಿ ಬೇರೆಯಾಗಿಡುವ ಆಚರಣೆ ಬೆಳೆಯಿತು. ಎರಡಕ್ಕೂ ಬೇರೆ ಬೇರೆ ಪಾತ್ರೆ, ತಟ್ಟೆ, ಚಾಕುಗಳು ಅಗತ್ಯವಾದವು. ಬೆಳಗಿನ ಉಪಾಹಾರಕ್ಕೆ ಹಂದಿಮಾಂಸವನ್ನು ಹುರಿದು ಬಡಿಸುವ ಇಂಗ್ಲಿಷ್ ವಸತಿಗೃಹದಲ್ಲಿ ಇಂಥ ನಿಯಮಸ್ಥನು ಒಂದು ಹೊತ್ತಿನ ಊಟವನ್ನೂ ನೆಮ್ಮದಿಯಿಂದ ಮಾಡುವಂತಿರಲಿಲ್ಲ.

ಆದರೆ ಆಹಾರವೊಂದೇ ಕಾರಣವಾಗಿರಲಿಲ್ಲ. 1877ರಲ್ಲಿ ಅಮೆರಿಕದ ಸಾರಟೋಗದ ಗ್ರ್ಯಾಂಡ್ ಯೂನಿಯನ್ ಹೋಟೆಲು ಪ್ರಸಿದ್ಧ ಬ್ಯಾಂಕರ್ ಜೋಸೆಫ್ ಸೆಲಿಗ್ಮನ್‌ನಿಗೆ ಯೆಹೂದಿಯೆಂಬ ಕಾರಣಕ್ಕೆ ಕೊಠಡಿ ನಿರಾಕರಿಸಿತು. ಎರಡು ವರ್ಷಗಳ ನಂತರ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀಚ್ ಎಂಬ ಕಡಲತೀರದ ವಿಹಾರಸ್ಥಳದ ಒಡೆಯ ಆಸ್ಟಿನ್ ಕಾರ್ಬಿನ್ ತನಗೆ ಯೆಹೂದಿ ಅತಿಥಿಗಳು ಬೇಡವೆಂದು ಬಹಿರಂಗವಾಗಿಯೇ ಸಾರಿದನು. ಜರ್ಮನಿಯ ಉತ್ತರ ಸಮುದ್ರದಲ್ಲಿ ಒಂದೇ ಸಾಲಿನಲ್ಲಿರುವ ದ್ವೀಪಗಳ ನಡುವೆಯೂ ವ್ಯತ್ಯಾಸವಿತ್ತು. ನಾರ್ಡರ್ನೈ ದ್ವೀಪಕ್ಕೆ ಯೆಹೂದಿಗಳು ಹೆಚ್ಚಾಗಿ ಬರುತ್ತಿದ್ದರು. ಅಲ್ಲಿ 1878ರಲ್ಲಿ ಸಿನಗಾಗ್ ಕೂಡ ನಿರ್ಮಾಣವಾಯಿತು. ಬೋರ್ಕುಮ್ ದ್ವೀಪವಾದರೋ ಯೆಹೂದಿಗಳಿಲ್ಲದ ತಾಣವೆಂದು ಹೆಮ್ಮೆಪಡುತ್ತಿತ್ತು. ಅವರನ್ನು ಹೊರಗಿಡುವ ಹಾಡೊಂದನ್ನು ಅಲ್ಲಿನ ವಾದ್ಯವೃಂದ ನುಡಿಸುತ್ತಿತ್ತು. ನಾಜಿಗಳು ಅಧಿಕಾರಕ್ಕೆ ಬರುವುದಕ್ಕೆ ದಶಕಗಳ ಹಿಂದಿನ ಮಾತಿದು ಎಂಬುದು ಗಮನಾರ್ಹ. ಇಂಗ್ಲೆಂಡಿನಲ್ಲಿ ನಿರಾಕರಣೆ ಹೆಚ್ಚು ಸಭ್ಯವಾದ ಮಾತಿನಲ್ಲಿ, ಕೊಠಡಿ ಖಾಲಿಯಿಲ್ಲವೆಂಬ ಉತ್ತರದಲ್ಲಿ ಬರುತ್ತಿತ್ತು. ಇದು ಒಂದೇ ಸಮುದಾಯದ ಅನುಭವವೂ ಆಗಿರಲಿಲ್ಲ. ವೆಸ್ಟ್ ಇಂಡೀಸಿನ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲಿನಿಂದ ಹೊರಹೋಗಬೇಕಾಯಿತು. ಮರುವರ್ಷ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು.

ಬೋರ್ನ್‌ಮತ್ತಿನ ಗ್ರೀನ್ ಪಾರ್ಕ್ ಹೋಟೆಲು ಆರಂಭವಾದದ್ದೂ ಅದೇ 1943ರಲ್ಲಿ. ಯುದ್ಧದ ನಡುವೆ, ಯೂರೋಪಿನ ಯೆಹೂದಿಗಳ ಸಾಮೂಹಿಕ ಹತ್ಯೆ ನಡೆಯುತ್ತಿದ್ದ ಕಾಲದಲ್ಲಿ, ಅದೇ ಕಡಲಿನ ಈಚೆಯ ದಡದಲ್ಲಿ ಒಂದು ಕೋಷರ್ ಹೋಟೆಲು ಬಾಗಿಲು ತೆರೆಯಿತು. ಯುದ್ಧಾನಂತರದ ದಶಕಗಳಲ್ಲಿ ಗ್ರೀನ್ ಪಾರ್ಕ್, ಕಂಬರ್‌ಲ್ಯಾಂಡ್, ಅಂಬಾಸಡರ್, ಮೆಜೆಸ್ಟಿಕ್, ನಾರ್ಮಂಡಿ ಮೊದಲಾದ ದೊಡ್ಡ ಹೋಟೆಲುಗಳೂ ಅನೇಕ ಸಣ್ಣ ಅತಿಥಿಗೃಹಗಳೂ ಆ ಪಟ್ಟಣಕ್ಕೆ ವಿಶಿಷ್ಟವಾದ ಮುಖವನ್ನು ಕೊಟ್ಟವು. ಲಂಡನ್ನಿನ ಪೂರ್ವಭಾಗದ ಇಕ್ಕಟ್ಟಿನ ಬೀದಿಗಳಲ್ಲಿ ಹೊಲಿಗೆ ಮತ್ತು ಬಡಗಿ ಕೆಲಸಗಳಿಂದ ಬದುಕು ಆರಂಭಿಸಿದ ವಲಸಿಗರ ಮಕ್ಕಳು ಈಗ ಉಪನಗರಗಳ ಮಧ್ಯಮವರ್ಗವಾಗಿದ್ದರು. ಅವರಿಗೆ ಬೇಕಾದದ್ದು ಧರ್ಮವನ್ನು ಬಿಡದೆಯೇ ಅನುಭವಿಸಬಹುದಾದ ಸುಖ.

ಈ ಹೋಟೆಲುಗಳ ದಿನಚರಿಯನ್ನು ಧರ್ಮದ ಪಂಚಾಂಗವೇ ನಿರ್ಧರಿಸುತ್ತಿತ್ತು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಸಬ್ಬತ್. ಆಗ ಬೆಂಕಿ ಹೊತ್ತಿಸುವಂತಿಲ್ಲ, ಬರೆಯುವಂತಿಲ್ಲ, ಹಣ ಮುಟ್ಟುವಂತಿಲ್ಲ. ಆದ್ದರಿಂದ ಅಡುಗೆಯೆಲ್ಲ ಮೊದಲೇ ಸಿದ್ಧವಾಗಿ ಬಿಸಿಯಾಗಿ ಉಳಿಯಬೇಕು. ಲೆಕ್ಕಪತ್ರದ ವ್ಯವಹಾರ ಸಬ್ಬತ್ತಿನ ಹೊರಗೇ ಮುಗಿಯಬೇಕು. ಅಡುಗೆಮನೆಯಲ್ಲಿ ಧಾರ್ಮಿಕ ಮೇಲ್ವಿಚಾರಕನಿರಬೇಕು. ಪಾಸೋವರ್ ಹಬ್ಬ ಬಂದರಂತೂ ಎಂಟು ದಿನಗಳ ಕಾಲ ಹುದುಗಿದ ಧಾನ್ಯದ ಒಂದು ಕಣವೂ ಉಳಿಯದಂತೆ ಇಡೀ ಅಡುಗೆಮನೆಯನ್ನು ಶುದ್ಧಗೊಳಿಸಿ, ಆ ಹಬ್ಬಕ್ಕೆಂದೇ ಮೀಸಲಾದ ಪಾತ್ರೆಗಳನ್ನು ಹೊರತೆಗೆಯಬೇಕು. ಮನೆಯಲ್ಲಿ ಈ ಶ್ರಮವೆಲ್ಲ ಹೆಂಗಸರ ಪಾಲಿಗೆ ಬರುತ್ತಿತ್ತು. ಹೋಟೆಲು ಆ ಭಾರವನ್ನು ಕೊಂಡುಕೊಂಡಿತು. ಹಬ್ಬದ ಮೊದಲ ರಾತ್ರಿ ಗೃಹಿಣಿಯೊಬ್ಬಳು ದಣಿಯದೆ, ಅಲಂಕರಿಸಿಕೊಂಡು ಪಂಕ್ತಿಯಲ್ಲಿ ಕುಳಿತು ಸೇಡರ್ ಕಥೆಯನ್ನು ಕೇಳುವುದು ಸಾಧ್ಯವಾದದ್ದು ಸಣ್ಣ ಸಾಮಾಜಿಕ ಬದಲಾವಣೆಯೇನಲ್ಲ.

ಅಲ್ಲಿಗೆ ಹೋದವರು ಇಂದಿಗೂ ಮೊದಲು ನೆನೆಯುವುದು ಊಟದ ಸಮೃದ್ಧಿಯನ್ನು. ದಿನವಿಡೀ ಒಂದರ ಹಿಂದೊಂದು ಬರುತ್ತಿದ್ದ ಊಟೋಪಚಾರಗಳು, ಅವುಗಳ ನಡುವೆ ಉಡುಪಿನ ಪ್ರದರ್ಶನ, ಮಕ್ಕಳಿಗೆ ವರ-ವಧು ನೋಡುವ ತಾಯಂದಿರ ಕಣ್ಣುಗಳು. ಇದನ್ನು ಹೊಸ ಶ್ರೀಮಂತಿಕೆಯ ಆಡಂಬರವೆಂದು ನಗುವುದು ಸುಲಭ. ಆದರೆ ಬ್ರಿಟನ್ನಿನಲ್ಲಿ ಆಹಾರದ ಪಡಿತರ ಪೂರ್ಣವಾಗಿ ಕೊನೆಗೊಂಡದ್ದು 1954ರಲ್ಲಿ. ಆ ಮೇಜುಗಳ ಸುತ್ತ ಕುಳಿತವರಲ್ಲಿ ಹಸಿವನ್ನು ಕಂಡವರೂ, ಯೂರೋಪಿನಲ್ಲಿ ಬಂಧುಗಳನ್ನು ಕಳೆದುಕೊಂಡವರೂ ಇದ್ದರು. ತುಂಬಿದ ತಟ್ಟೆ ಅವರಿಗೆ ತಾವು ಉಳಿದಿದ್ದೇವೆ ಎಂಬುದರ ಮೌನವಾದ ಸಾಕ್ಷಿಯೂ ಆಗಿದ್ದಿರಬೇಕು.

ಅವನತಿಗೆ ಒಂದೇ ಕಾರಣವಿರಲಿಲ್ಲ. ವಿಮಾನಯಾನ ಅಗ್ಗವಾಯಿತು, ಸ್ಪೇನಿನ ಬಿಸಿಲೂ ಇಸ್ರೇಲಿನ ಕರಾವಳಿಯೂ ಕೈಗೆಟುಕಿದವು. 1965ರ ಜನಾಂಗ ಸಂಬಂಧಗಳ ಕಾಯಿದೆ ಹೋಟೆಲುಗಳಲ್ಲಿನ ತಾರತಮ್ಯವನ್ನು ಕಾನೂನುಬಾಹಿರಗೊಳಿಸಿತು. ಮಕ್ಕಳಲ್ಲಿ ಅನೇಕರು ನಿಯಮಗಳನ್ನು ಸಡಿಲಿಸಿದರು. ಕೆಲವರು ತಂದೆತಾಯಿಯರಿಗಿಂತ ಕಟ್ಟುನಿಟ್ಟಾದರು. ಈ ಎರಡು ತುದಿಗಳ ನಡುವಿನ ವರ್ಗಕ್ಕಾಗಿಯೇ ಹುಟ್ಟಿದ್ದ ಹೋಟೆಲುಗಳು ಒಂದೊಂದಾಗಿ ಮುಚ್ಚಿದವು. ಗ್ರೀನ್ ಪಾರ್ಕ್ 1986ರಲ್ಲಿ ನಿಂತಿತು. ಅಮೆರಿಕದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿದ್ದ ಗ್ರಾಸಿಂಗರ್ಸ್ ಎಂಬ ಪ್ರಖ್ಯಾತ ಯೆಹೂದಿ ವಿಹಾರಧಾಮ ಮುಚ್ಚಿದ್ದೂ ಅದೇ ವರ್ಷ.

ಪ್ಯಾಮ್ ಫಾಕ್ಸ್ ಈ ಹೋಟೆಲುಗಳನ್ನು ಕುರಿತು ಬರೆದ ಗ್ರಂಥ 2022ರಲ್ಲಿ ಪ್ರಕಟವಾಯಿತು. ಇಂಥ ಪ್ರಯತ್ನಗಳು ನಡೆಯದಿದ್ದರೆ ನೆನೆಯುವವರೊಡನೆ ನೆನಪೂ ಅಳಿಯುತ್ತದೆ. ಆದರೆ ಸಂಶೋಧಕನಾದವನು ಇಲ್ಲೊಂದು ಎಚ್ಚರವನ್ನು ಉಳಿಸಿಕೊಳ್ಳಬೇಕು. ಹೆಚ್ಚಾಗಿ ಮಾತನಾಡುತ್ತಿರುವವರು ಅಂದು ಮಕ್ಕಳಾಗಿದ್ದ ಅತಿಥಿಗಳು. ಕೊಠಡಿ ಗುಡಿಸಿದವರು, ಪಾತ್ರೆ ತೊಳೆದವರು, ಅಲ್ಲಿಗೆ ಹೋಗುವ ಹಣವಿಲ್ಲದೆ ಲಂಡನ್ನಿನಲ್ಲೇ ಉಳಿದ ಯೆಹೂದಿ ಬಡವರು ಈ ಕಥನಗಳಲ್ಲಿ ವಿರಳ. ಬಾಲ್ಯದ ಸ್ಮರಣೆಗೆ ಅಡುಗೆಯ ಪರಿಮಳ ದಕ್ಕುತ್ತದೆ. ಅಡುಗೆಯವರ ಹೆಸರು ದಕ್ಕುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಹೊರಗಿಟ್ಟವರಿಂದಾಗಿ ಕಟ್ಟಿಕೊಂಡ ಗೋಡೆಯೂ ಒಳಗಿನ ಶ್ರದ್ಧೆಗಾಗಿ ಕಟ್ಟಿಕೊಂಡ ಗೋಡೆಯೂ ನೋಡುವುದಕ್ಕೆ ಒಂದೇ ತೆರನಾಗಿರುತ್ತವೆ. ಬೋರ್ನ್‌ಮತ್ತಿನಲ್ಲಿ ಇವೆರಡೂ ಒಂದೇ ಕಟ್ಟಡದ ಗೋಡೆಗಳಾಗಿದ್ದವು. ತಾರತಮ್ಯ ಅಳಿದಾಗ ಹೋಟೆಲೂ ಅಳಿಯಿತೆಂದು ಸಂತೋಷಪಡುವುದೂ, ಅದು ಇರಬೇಕಿತ್ತೆಂದು ಹಂಬಲಿಸುವುದೂ ಆ ಕಾರಣಕ್ಕಾಗಿಯೇ ಅರ್ಧಸತ್ಯಗಳು. ಅಲ್ಲಿ ಒಂದು ಸಮುದಾಯ ಯಾರಿಗೂ ವಿವರಣೆ ಕೊಡದೆ ಉಣ್ಣಬಹುದಾದ ಕೆಲವು ದಿನಗಳನ್ನು ಪಡೆದಿತ್ತು. ಆ ನಿರಾಳವೇ ನೆನೆಯುವವರ ದನಿಯಲ್ಲಿ ಇಂದಿಗೂ ಕೇಳುತ್ತದೆ.