ಬೆಟ್ಟದ ಬುಡದ ಒಂಟಿ ಅಜ್ಜ: ಮರುಭೂಮಿಯ ಸಂತ ಅಂತೋಣಿ



ಸಂತ ಅಂತೋಣಿ ಎಂದ ಕೂಡಲೇ ತಾಳವಾಡಿ ಕಡೆಯ ನಮಗೆ ನೆನಪಾಗುವುದು ದೋರನಹಳ್ಳಿ. ಬಾಲಯೇಸುವನ್ನು ಎತ್ತಿಕೊಂಡಿರುವ, ಕಳೆದುಹೋದದ್ದನ್ನು ಹುಡುಕಿಕೊಡುವ ಪಾದುವಾದ ಸಂತರು ಅವರು. ಆದರೆ ಅವರ ಜ್ಞಾನಸ್ನಾನದ ಹೆಸರು ಅಂತೋಣಿ ಅಲ್ಲ, ಫೆರ್ನಾಂಡೊ. 1220ರಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದಾಗ ಅವರು ತಮಗಿಂತ 800 ವರ್ಷಕ್ಕೂ ಹಿಂದೆ ತೀರಿಕೊಂಡಿದ್ದ ಈಜಿಪ್ಟಿನ ಒಬ್ಬ ಸನ್ಯಾಸಿಯ ಹೆಸರನ್ನು ಇಟ್ಟುಕೊಂಡರು. ಆ ಮೊದಲ ಅಂತೋಣಿಯವರ ಹಬ್ಬ ಜನವರಿ 17.

ಈ ಹಿರಿಯ ಅಂತೋಣಿಯವರ ಚಿತ್ರವನ್ನು ನೀವು ನೋಡಿರಬಹುದು. ಉದ್ದ ಬಿಳಿ ಗಡ್ಡ, ಕೈಯಲ್ಲಿ ಕೋಲು, ಸುತ್ತ ಹೆದರಿಸುವ ದೆವ್ವಗಳು. ಚಿತ್ರಕಾರರಿಗೆ ದೆವ್ವಗಳ ಮೇಲೆ ಬಹಳ ಆಸೆ. ನಾವು ಇಲ್ಲಿ ದೆವ್ವಗಳನ್ನು ಬದಿಗಿಟ್ಟು ಒಂದು ಸಾದಾ ಪ್ರಶ್ನೆ ಕೇಳೋಣ: ಮರಳುಗಾಡಿನಲ್ಲಿ ಒಬ್ಬರೇ ಇದ್ದ ಈ ಅಜ್ಜ ದಿನ ಕಳೆಯುತ್ತಿದ್ದದ್ದು ಹೇಗೆ? ನೀರು ಎಲ್ಲಿಂದ? ಊಟ ಯಾರು ಕೊಟ್ಟರು? ಕೈಲಾಗದ ಕಾಲಕ್ಕೆ ಯಾರಿದ್ದರು?

ಉತ್ತರ ಸಿಗುವುದು ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಸಂತ ಅಥನಾಸಿಯುಸರು ಬರೆದ ಜೀವನಚರಿತ್ರೆಯಲ್ಲಿ. ಅವರು ಅಂತೋಣಿಯವರನ್ನು ಕಣ್ಣಾರೆ ಕಂಡವರು. 356ರಲ್ಲಿ ಅಂತೋಣಿಯವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಬರೆದ ಪುಸ್ತಕ ಅದು. ಭಕ್ತರೊಬ್ಬರು ಬರೆದ ಚರಿತ್ರೆಯಾದ್ದರಿಂದ ಅದ್ಭುತಗಳು ತುಂಬ ಇವೆ. ಆದರೆ ನಡುನಡುವೆ ಗುದ್ದಲಿ, ಬುಟ್ಟಿ, ಎಣ್ಣೆ, ಬೇಳೆಕಾಳಿನ ಮಾತೂ ಬರುತ್ತದೆ. ನಮಗೆ ಬೇಕಾದದ್ದು ಅದೇ.

ಅಂತೋಣಿಯವರು ಹುಟ್ಟಿದ್ದು ಸುಮಾರು 251ರಲ್ಲಿ, ನೈಲ್ ನದಿಯ ಬಯಲಿನ ಒಂದು ಹಳ್ಳಿಯಲ್ಲಿ. ಅನುಕೂಲಸ್ಥ ಮನೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತಂದೆತಾಯಿ ತೀರಿಕೊಂಡರು. ನಮ್ಮ ಲೆಕ್ಕದಲ್ಲಿ ಸುಮಾರು 200 ಎಕರೆಯಷ್ಟು ಫಲವತ್ತಾದ ಜಮೀನು ಅವರ ಪಾಲಿಗೆ ಬಂತು. ಅದನ್ನು ಊರವರಿಗೆ ಕೊಟ್ಟು, ತಂಗಿಯನ್ನು ಕನ್ಯೆಯರ ಆಶ್ರಯದಲ್ಲಿ ಬಿಟ್ಟು, ಅವರು ಜಪತಪಕ್ಕೆ ಹೊರಟರು. ಮೂವತ್ತೈದರ ಸುಮಾರಿಗೆ ನದಿ ದಾಟಿ, ಪಾಳುಬಿದ್ದ ಕೋಟೆಯೊಂದರಲ್ಲಿ 20 ವರ್ಷ ಬಾಗಿಲು ಹಾಕಿಕೊಂಡು ಇದ್ದರು. ಆಗಲೂ ವರ್ಷಕ್ಕೆ ಎರಡು ಸಲ ಪರಿಚಿತರು ಮೇಲಿನಿಂದ ಒಣ ರೊಟ್ಟಿ ಇಳಿಸಿ ಹೋಗುತ್ತಿದ್ದರು. ಬಾಗಿಲು ಮುಚ್ಚಿದ್ದರೂ ರೊಟ್ಟಿಯ ದಾರಿ ಮುಚ್ಚಿರಲಿಲ್ಲ.

ನಮ್ಮ ಕಥೆ ಶುರುವಾಗುವುದು ಅದರ ನಂತರ, ಅವರಿಗೆ ಅರವತ್ತು ದಾಟಿದಾಗ. ನಮ್ಮಲ್ಲಿ ಆ ವಯಸ್ಸಿನವರು ಮಕ್ಕಳ ಮನೆ ಸೇರುವ ಮಾತು ಬರುತ್ತದೆ. ಅಂತೋಣಿಯವರು ಉಲ್ಟಾ ಹೊರಟರು. ಹುಡುಕಿಕೊಂಡು ಬರುವ ಜನರ ಗದ್ದಲ ತಾಳಲಾರದೆ, ಆ ಕಡೆ ಹೊರಟಿದ್ದ ಅರಬ್ ಅಲೆಮಾರಿಗಳ ಜೊತೆ ಸೇರಿ ಮೂರು ಹಗಲು ಮೂರು ರಾತ್ರಿ ನಡೆದರು. ಕೆಂಪು ಸಮುದ್ರದ ಕಡೆಯ ಬೆಟ್ಟವೊಂದರ ಬುಡಕ್ಕೆ ಬಂದರು. ಅಲ್ಲಿ ಸಿಹಿಯಾದ, ತಣ್ಣನೆಯ ಒಂದು ಬುಗ್ಗೆ, ಒಂದಿಷ್ಟು ಬಯಲು, ತಾನಾಗಿ ಬೆಳೆದ ಕೆಲವು ಖರ್ಜೂರದ ಮರಗಳು. ಇದೇ ನನ್ನ ಜಾಗ ಎಂದು ನಿಂತುಬಿಟ್ಟರು.

ಮೊದಲ ರೊಟ್ಟಿ ಕೊಟ್ಟವರು ಆ ಅಲೆಮಾರಿಗಳೇ. ಅವರು ಬೇಕೆಂದೇ ಆ ದಾರಿಯಲ್ಲಿ ಬಂದು ರೊಟ್ಟಿ ಕೊಟ್ಟು ಹೋಗುತ್ತಿದ್ದರು. ಆಮೇಲೆ ಶಿಷ್ಯರಿಗೆ ಜಾಗ ಗೊತ್ತಾಗಿ ಅವರೂ ಕಳಿಸತೊಡಗಿದರು. ಅಷ್ಟು ದೂರ ಬಿಸಿಲಲ್ಲಿ ಹೊತ್ತು ತರುವವರ ಕಷ್ಟ ಅಂತೋಣಿಯವರಿಗೆ ಕಂಡಿತು. ಊಟ ತರಬೇಡಿ, ಒಂದು ಗುದ್ದಲಿ, ಒಂದು ಕೊಡಲಿ, ಸ್ವಲ್ಪ ಬಿತ್ತನೆ ಕಾಳು ತಂದುಕೊಡಿ ಎಂದರು. ಬೆಟ್ಟದ ಬುಡದಲ್ಲಿ ಸಣ್ಣ ಜಾಗ ಹದಮಾಡಿ, ಬುಗ್ಗೆಯ ನೀರು ಹಾಯಿಸಿ, ವರ್ಷಕ್ಕಾಗುವಷ್ಟು ರೊಟ್ಟಿಯ ಕಾಳು ಬೆಳೆದುಕೊಂಡರು. ಯಾರಿಗೂ ಭಾರವಾಗಲಿಲ್ಲ ಎಂಬುದೇ ಅವರಿಗೆ ಸಂತೋಷ. 200 ಎಕರೆ ಬಿಟ್ಟುಬಂದವರು ಅಂಗೈಯಗಲ ನೆಲದ ರೈತರಾದರು.

ನಂತರ ಸ್ವಲ್ಪ ತರಕಾರಿಯನ್ನೂ ಹಾಕಿದರು. ತಮಗಾಗಿ ಅಲ್ಲ, ಆ ದಾರಿ ನಡೆದು ದಣಿದು ಬರುವವರಿಗಾಗಿ. ನೀರು ಕುಡಿಯಲು ಬರುವ ಕಾಡುಪ್ರಾಣಿಗಳು ಬೆಳೆ ತುಳಿದು ಹಾಳುಮಾಡುತ್ತಿದ್ದವು. ಆನೆ, ಹಂದಿ ಕಾಟದಲ್ಲಿ ರಾತ್ರಿಯಿಡೀ ಹೊಲ ಕಾಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತೋಣಿಯವರು ಒಂದು ಪ್ರಾಣಿಯನ್ನು ಮೆಲ್ಲಗೆ ಹಿಡಿದು, ನಾನು ನಿಮಗೇನೂ ಕೇಡು ಮಾಡಿಲ್ಲವಲ್ಲ, ನೀವೇಕೆ ಮಾಡುತ್ತೀರಿ ಎಂದು ಬುದ್ಧಿ ಹೇಳಿ ಕಳಿಸಿದರಂತೆ. ಮತ್ತೆ ಅವು ಬರಲಿಲ್ಲ ಎನ್ನುತ್ತಾರೆ ಅಥನಾಸಿಯುಸರು. ಈ ಉಪಾಯ ನಮ್ಮ ಆನೆಗಳ ಹತ್ತಿರ ನಡೆಯುತ್ತದೆಯೇ ಎಂದು ಮಾತ್ರ ಕೇಳಬೇಡಿ!

ಆ ಜಾಗ ಎಷ್ಟು ಕಠಿಣವೆಂಬುದಕ್ಕೆ ಒಂದೇ ಘಟನೆ ಸಾಕು. ಅವರನ್ನು ಕಾಣಲು ಹೊರಟ ಇಬ್ಬರು ಸಹೋದರರ ಬಳಿ ದಾರಿಯಲ್ಲಿ ನೀರು ಮುಗಿಯಿತು. ಒಬ್ಬರು ಸತ್ತೇಹೋದರು. ಬೆಟ್ಟದಲ್ಲಿದ್ದ ಅಂತೋಣಿಯವರು ಅಲ್ಲಿಗೆ ಬಂದಿದ್ದ ಇಬ್ಬರನ್ನು ಕರೆದು, ನೀರಿನ ಕೊಡ ಕೊಟ್ಟು ಓಡಿಸಿದರು. ಇನ್ನೊಬ್ಬರು ಬದುಕಿದರು. ಒಂದು ಕೊಡ ನೀರಿಗೆ ಒಂದು ಜೀವದ ಬೆಲೆ.

ಹೀಗೆ ವರ್ಷಗಳು ಉರುಳಿದವು. ಗುದ್ದಲಿ ಹಿಡಿದ ಕೈಗೂ ವಯಸ್ಸಾಯಿತು. ಆಗ ಶಿಷ್ಯರು ಬಂದು, ನಿಮಗೆ ವಯಸ್ಸಾಯಿತು, ತಿಂಗಳಿಗೊಮ್ಮೆ ಆಲಿವ್ ಕಾಯಿ, ಬೇಳೆಕಾಳು, ಎಣ್ಣೆ ತಂದುಕೊಡಲು ಒಪ್ಪಿಕೊಳ್ಳಿ ಎಂದು ಬೇಡಿಕೊಂಡರು. ಈ ಸಾಲನ್ನು ಸ್ವಲ್ಪ ನಿಂತು ಓದಬೇಕು. ಬೇಡಿಕೊಂಡವರು ಕೊಡುವವರು! ಯಾರಿಗೂ ಭಾರವಾಗಬಾರದೆಂದು ಹಟ ಹಿಡಿದ ಮನುಷ್ಯ ಈಗ ಒಪ್ಪಿಕೊಂಡರು. ಆದರೆ ಬರಿಗೈಯಲ್ಲಿ ಕುಳಿತು ಪಡೆಯಲಿಲ್ಲ. ಕೂತಲ್ಲೇ ಬುಟ್ಟಿ ಹೆಣೆಯುತ್ತಿದ್ದರು. ಬಂದವರು ತಂದದ್ದಕ್ಕೆ ಬದಲಾಗಿ ಬುಟ್ಟಿ ಕೊಟ್ಟು ಕಳಿಸುತ್ತಿದ್ದರು. ನಮ್ಮ ಅಜ್ಜಿಯರು ಈಚಲ ಗರಿಯಲ್ಲಿ ಚಾಪೆ ಹೆಣೆದದ್ದನ್ನು ಕಂಡವರಿಗೆ ಆ ಕೈಗಳ ಚಿತ್ರ ಸುಲಭವಾಗಿ ಬರುತ್ತದೆ.

ಕೊನೆಯ 15 ವರ್ಷ ಇಬ್ಬರು ಸನ್ಯಾಸಿಗಳು ಆ ಬೆಟ್ಟದಲ್ಲೇ ಇದ್ದು ಅವರನ್ನು ನೋಡಿಕೊಂಡರು. ಅವರಿಗೆ ವಯಸ್ಸಾಗಿತ್ತು ಎಂಬುದೇ ಕಾರಣ ಎಂದು ಚರಿತ್ರೆ ನೇರವಾಗಿ ಹೇಳುತ್ತದೆ. 105ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಣ್ಣು ಮಂಜಾಗಿರಲಿಲ್ಲ. ಹಲ್ಲುಗಳು ವಸಡಿನವರೆಗೆ ಸವೆದಿದ್ದರೂ ಒಂದೂ ಉದುರಿರಲಿಲ್ಲವಂತೆ. ಅವರ ಆಸ್ತಿ ಹಂಚಲು ವಕೀಲರು ಬೇಕಾಗಲಿಲ್ಲ: ಎರಡು ಕುರಿಚರ್ಮ, ಒಂದು ಹೊದಿಕೆ, ಕೂದಲಿನ ಒಂದು ಅಂಗಿ. ಆ ಹೊದಿಕೆಯನ್ನು ಹೊಸದಿದ್ದಾಗ ಕೊಟ್ಟವರು ಅಥನಾಸಿಯುಸರೇ. ತಮ್ಮ ಬಳಿ ಹಳೆಯದಾದ ಅದನ್ನು ಅವರಿಗೇ ತಲುಪಿಸಿ ಎಂದರು. ಆ ಬೆಟ್ಟದ ಬುಡದಲ್ಲಿ ಸಂತ ಅಂತೋಣಿಯವರ ಮಠ ಇಂದಿಗೂ ಇದೆ. ಕಾಪ್ಟಿಕ್ ಸನ್ಯಾಸಿಗಳು ಅಲ್ಲಿ ಇಂದಿಗೂ ಬಾಳುತ್ತಿದ್ದಾರೆ.

ಅಂತೋಣಿಯವರ ನಂತರದ ತಲೆಮಾರುಗಳಲ್ಲಿ ಈಜಿಪ್ಟಿನ ಸ್ಕೇಟಿಸ್ ಮರುಭೂಮಿ ಸನ್ಯಾಸಿಗಳಿಂದ ತುಂಬಿತು. ಅಲ್ಲಿ ಅರ್ಸೇನಿಯುಸ್ ಎಂಬ ಹಿರಿಯರು ಕಾಯಿಲೆ ಬಿದ್ದಾಗ ಅಲ್ಲಿನ ಯಾಜಕರು ಅವರನ್ನು ದೇವಾಲಯಕ್ಕೆ ಕರೆತಂದು, ಹಾಸಿಗೆಯಲ್ಲಿ ಮಲಗಿಸಿ, ತಲೆಗೊಂದು ದಿಂಬು ಕೊಟ್ಟರು. ಇನ್ನೊಬ್ಬ ಮುದುಕರು ಇದನ್ನು ನೋಡಿ, ಸನ್ಯಾಸಿಗೆ ದಿಂಬೇ ಎಂದು ಆಡಿಕೊಂಡರು. ಯಾಜಕರು ಅವರನ್ನು ಬದಿಗೆ ಕರೆದು, ಮೊದಲು ಊರಲ್ಲಿ ಏನಾಗಿದ್ದಿರಿ ಎಂದು ಕೇಳಿದರು. ಕುರುಬ, ಬರಿ ನೆಲದ ಮೇಲೆ ಮಲಗುತ್ತಿದ್ದೆ, ಈಗಲೇ ಸುಖ ಎಂದರು ಮುದುಕರು. ಅರ್ಸೇನಿಯುಸರು ಅರಮನೆಯ ರೇಷ್ಮೆ ಹಾಸಿಗೆ ಬಿಟ್ಟುಬಂದವರು ಎಂದು ಯಾಜಕರು ತಿಳಿಸಿದಾಗ ಮುದುಕರು ಕ್ಷಮೆ ಕೇಳಿದರು. ಒಬ್ಬ ಹಿರಿಯರಿಗೆ ಏನು ಸಾಕು ಎಂದು ಅಳೆಯಲು ಅವರು ಏನನ್ನು ಬಿಟ್ಟುಬಂದರೆಂದು ತಿಳಿದಿರಬೇಕು.

ಮರುಭೂಮಿಯ ಒಂಟಿತನದ ಬಗ್ಗೆ ನಾವು ಕೇಳುವಾಗ ಯಾರ ಹಂಗೂ ಇಲ್ಲದ ಬದುಕು ಎಂದುಕೊಳ್ಳುತ್ತೇವೆ. ಅಂತೋಣಿಯವರ ಚರಿತ್ರೆ ಹಾಗೆ ಹೇಳುವುದಿಲ್ಲ. ಅಲೆಮಾರಿಗಳ ರೊಟ್ಟಿ, ಶಿಷ್ಯರ ಎಣ್ಣೆ, ಕೊನೆಗೆ ಇಬ್ಬರ 15 ವರ್ಷ, ಇವಿಲ್ಲದೆ ಆ ಬದುಕು ನಡೆಯುತ್ತಿರಲಿಲ್ಲ. ಅವರ ಕಡೆಯಿಂದಲೂ ತರಕಾರಿ ಹೋಯಿತು, ಬುಟ್ಟಿ ಹೋಯಿತು. ಅವರು ಕೊನೆಯವರೆಗೂ ಕೊಡುವವರಾಗಿಯೇ ಉಳಿದರು.

ನಮ್ಮ ಹಳ್ಳಿಗಳಲ್ಲೂ ಒಂಟಿಯಾಗಿರುವ ಅಜ್ಜ ಅಜ್ಜಿಯರಿದ್ದಾರೆ. ಮಕ್ಕಳು ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋಗಿರುತ್ತಾರೆ. ಅಂತೋಣಿಯವರು ಒಂಟಿತನವನ್ನು ತಾವೇ ಆರಿಸಿಕೊಂಡರು. ಇವರಲ್ಲಿ ಹೆಚ್ಚಿನವರು ಆರಿಸಿಕೊಂಡದ್ದಲ್ಲ. ಆದ್ದರಿಂದ ನಮ್ಮ ಹೊಣೆ ಆ ಶಿಷ್ಯರಿಗಿಂತ ದೊಡ್ಡದು. ಪಟ್ಟಣಕ್ಕೆ ಬನ್ನಿ ಎಂದು ಎಳೆಯುವುದು, ಇಲ್ಲವೇ ಅವರ ಪಾಡಿಗೆ ಬಿಡುವುದು, ಈ ಎರಡೇ ದಾರಿ ಇರುವುದು ಎಂದು ನಾವು ಭಾವಿಸಬೇಕಾಗಿಲ್ಲ. ತಿಂಗಳು ತಪ್ಪದೆ ಹೋಗುವ ದಾರಿಯೂ ಇದೆ.

ನಮ್ಮ ಯುವಜನರ ಕೂಟ ಇದನ್ನು ಮಾಡಬಹುದು. ಸ್ವಾಮಿಗಳು ಮನೆಮನೆಗೆ ಪರಮಪ್ರಸಾದ ಒಯ್ಯುವಾಗ ಜೊತೆಗೆ ಹೋಗೋಣ. ಎಣ್ಣೆ, ಬೇಳೆ, ಮಾತ್ರೆ ತೀರಿದೆಯೇ ಎಂದು ನೋಡೋಣ. ಹೊರಡುವಾಗ ಅಜ್ಜಿ ಹಿತ್ತಿಲಿನ ನಾಲ್ಕು ನುಗ್ಗೆಕಾಯಿ ಕಿತ್ತು ಕೊಟ್ಟರೆ, ಅಯ್ಯೋ ಬೇಡಜ್ಜಿ ಎನ್ನದೆ ಎರಡೂ ಕೈಚಾಚಿ ತೆಗೆದುಕೊಳ್ಳೋಣ.